ಅಮ್ಮನ ಲಿಲ್ಲಿ ಹೂ ಬಿಡುತ್ತದೆ, ನನ್ನದು ಯಾಕೆ ಬಿಡೋದಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ರಾಜಾಜಿನಗರದಲ್ಲಿ ಎರಡನೇ ಮಹಡಿಯ ಮನೆ, ಮೇಲೆ ತಾರಸಿ ಇದೆ. ಎರಡು ವರ್ಷದ ಹಿಂದೆ ದೀಪಾವಳಿ ಮುಗಿದ ಮೇಲೆ ನರ್ಸರಿಯಿಂದ ಆರು ಲಿಲ್ಲಿ ಗೆಡ್ಡೆ ತಂದೆ. ಪ್ಯಾಕೆಟ್ ಮೇಲೆ ‘ಏಷ್ಯಾಟಿಕ್ ಲಿಲ್ಲಿ’ ಎಂದಿತ್ತು. ತುಮಕೂರಿನಲ್ಲಿರುವ ಅಮ್ಮ ಹೇಳಿಕೊಟ್ಟ ಹಾಗೆ ಗೆಡ್ಡೆಯ ತಲೆ ಮಣ್ಣಿನ ಮೇಲೆ ಕಾಣುವಂತೆ ನೆಟ್ಟೆ. ಜನವರಿ ಕೊನೆಗೆ ಆರೂ ಗಿಡಗಳಲ್ಲಿ ಕಿತ್ತಳೆ ಬಣ್ಣದ ಹೂ ಬಂತು. ಬಾಡಿದ ಮೇಲೆ, ಅದೂ ಅಮ್ಮ ಮಾಡುವ ಹಾಗೇ, ದಂಟನ್ನು ಬುಡಕ್ಕೆ ಕತ್ತರಿಸಿದೆ. ಮರುವರ್ಷ ಎರಡರಲ್ಲಿ ಮಾತ್ರ ಒಂದೊಂದು ಸಣ್ಣ ಹೂ. ಈ ವರ್ಷ ಮೂರು ಗೆಡ್ಡೆ ಕೊಳೆತು ಹೋಗಿವೆ. ಉಳಿದ ಮೂರು ಗೇಣುದ್ದ ಬೆಳೆದು ಸುಮ್ನೆ ನಿಂತಿವೆ, ಮೊಗ್ಗೇ ಇಲ್ಲ. ಅಮ್ಮನ ಮನೆಯ ಕೆಂಪು ಲಿಲ್ಲಿ ಮಾತ್ರ ಯಾವ ಆರೈಕೆಯೂ ಇಲ್ಲದೆ ಪ್ರತಿ ಬೇಸಿಗೆಯಲ್ಲೂ ಅರಳುತ್ತದೆ. ಈಗಲೂ ಅರಳಿದೆ. ನನ್ನ ಕೈಗುಣವೇ ಸರಿ ಇಲ್ಲವಾ? ಇನ್ನೊಂದು ವಿಷಯ, ಹೋದ ತಿಂಗಳು ಮನೆಗೆ ಬೆಕ್ಕಿನ ಮರಿ ತಂದಿದ್ದೇವೆ. ಲಿಲ್ಲಿ ಬೆಕ್ಕಿಗೆ ವಿಷ ಅಂತಾರೆ, ನಿಜವಾ?

ಉತ್ತರ: ಬೆಕ್ಕಿನ ವಿಷಯವನ್ನೇ ಮೊದಲು ಮುಗಿಸೋಣ. ಉಳಿದದ್ದಕ್ಕೆ ಪುರುಸೊತ್ತಿದೆ, ಇದಕ್ಕಿಲ್ಲ.

ಹೌದು, ನಿಜ. ನಿಮ್ಮ ತಾರಸಿಯ ಮೇಲಿರುವ ಆ ಮೂರು ಗಿಡಗಳು ಬೆಕ್ಕಿಗೆ ಅಪ್ಪಟ ವಿಷ. ಎಲೆ, ದಂಟು, ಹೂ, ಗೆಡ್ಡೆ, ಕೊನೆಗೆ ಹೂದಾನಿಯ ನೀರು ಕೂಡ. ಬೆಕ್ಕು ಗಿಡವನ್ನು ತಿನ್ನಲೇಬೇಕು ಅಂತಿಲ್ಲ. ಹೂವಿನ ಪಕ್ಕ ಹಾದು ಹೋದಾಗ ಮೈಗೆ ಪರಾಗ ಅಂಟಿ, ಅದನ್ನು ನೆಕ್ಕಿಕೊಂಡರೂ ಸಾಕು. ಮೊದಲು ಜೊಲ್ಲು ಸುರಿಸುತ್ತದೆ, ವಾಂತಿ ಮಾಡುತ್ತದೆ, ಊಟ ಬಿಟ್ಟು ಮೂಲೆಯಲ್ಲಿ ಮಲಗುತ್ತದೆ. ಆಮೇಲೆ ಸ್ವಲ್ಪ ಸುಧಾರಿಸಿದ ಹಾಗೆ ಕಾಣಬಹುದು. ಅಷ್ಟರಲ್ಲಿ ಒಳಗೆ ಕಿಡ್ನಿ ಕೆಡುತ್ತಿರುತ್ತದೆ, ಒಂದರಿಂದ ಮೂರು ದಿನದೊಳಗೆ ಕೈಮೀರುತ್ತದೆ. ಹಾಗಾಗಿ ಮರಿ ಎಲೆ ಕಚ್ಚಿದ್ದು ಕಂಡರೆ ‘ನಾಳೆ ಬೆಳಿಗ್ಗೆ ನೋಡೋಣ’ ಅಂತ ಬೇಡ, ಆ ಗಳಿಗೆಯಲ್ಲೇ ಪಶುವೈದ್ಯರ ಹತ್ತಿರ ಹೋಗಿ. ಡೇ ಲಿಲ್ಲಿಗೂ ಇದೇ ಮಾತು. ಯಾರಾದರೂ ಬೊಕೆ ಕೊಟ್ಟರೆ ಅದರಲ್ಲಿ ದೊಡ್ಡ ಬಿಳಿ ಅಥವಾ ಗುಲಾಬಿ ಲಿಲ್ಲಿ ಇದೆಯಾ ಅಂತ ನೋಡಿ, ಇದ್ದರೆ ಮನೆಯೊಳಗೆ ತರಬೇಡಿ.

ಪೀಸ್ ಲಿಲ್ಲಿ ಇಷ್ಟು ಅಪಾಯಕಾರಿ ಅಲ್ಲ. ಕಚ್ಚಿದರೆ ಬಾಯಿ ಉರಿಯುತ್ತದೆ, ಹಸಿ ಕೆಸುವಿನೆಲೆ ನಾಲಿಗೆಗೆ ತಾಗಿದ ಹಾಗೆ. ಅಮ್ಮನ ಕೆಂಪು ಲಿಲ್ಲಿಯ ಗೆಡ್ಡೆ ತಿಂದರೆ ವಾಂತಿ ಭೇದಿ ಆಗುತ್ತದೆ, ಕಿಡ್ನಿಗೆ ಹೋಗುವ ವಿಷ ಅದರಲ್ಲಿಲ್ಲ. ಹಾಗಂತ ಮರಿಯ ಬಾಯಿಗೆ ಸಿಗುವಲ್ಲಿ ಅದನ್ನೂ ಇಡಬಾರದು.

ಎರಡಕ್ಕೂ ಲಿಲ್ಲಿ ಅಂತಲೇ ಕರೆಯುತ್ತೇವೆ, ಒಂದು ಬೆಕ್ಕನ್ನು ಕೊಲ್ಲುತ್ತದೆ, ಇನ್ನೊಂದು ಹೊಟ್ಟೆ ಕೆಡಿಸುತ್ತದೆ. ಇದು ಹೇಗೆ ಅಂತ ನಿಮಗೆ ಅನಿಸಿರಬೇಕು. ನಿಮ್ಮ ಹೂವಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅವು ಎರಡು ಬೇರೆ ಬೇರೆ ಗಿಡಗಳು. ಹೆಸರು ಬಿಟ್ಟರೆ ಎರಡಕ್ಕೂ ಹತ್ತಿರದ ನೆಂಟಸ್ತಿಕೆಯೂ ಇಲ್ಲ.

ನಿಮ್ಮ ಹತ್ತಿರ ಇರುವುದು ಲಿಲಿಯಮ್, ನಿಜವಾದ ಲಿಲ್ಲಿ. ಅಮ್ಮನ ಮನೆಯದು ಹಿಪ್ಪಿಯಾಸ್ಟ್ರಮ್. ನಾವೆಲ್ಲ ಅಮರಿಲ್ಲಿಸ್ ಅಂತಲೂ ಕೆಂಪು ಲಿಲ್ಲಿ ಅಂತಲೂ ಕರೆಯುವ, ದಕ್ಷಿಣ ಅಮೆರಿಕದಿಂದ ಬಂದ ಗಿಡ. ಕೊಳೆತ ಗೆಡ್ಡೆಯನ್ನು ಇನ್ನೂ ಎಸೆದಿಲ್ಲದಿದ್ದರೆ ಕೈಯಲ್ಲಿ ಹಿಡಿದು ನೋಡಿ. ಬೆಳ್ಳುಳ್ಳಿ ಬಿಡಿಸಿದ ಹಾಗೆ ಎಸಳು ಎಸಳಾಗಿ ಬರುತ್ತದೆ, ಮೇಲೆ ಸಿಪ್ಪೆಯೇ ಇರುವುದಿಲ್ಲ. ಮುಂದಿನ ಸಲ ತುಮಕೂರಿಗೆ ಹೋದಾಗ ಅಮ್ಮನ ಕುಂಡದ ಗೆಡ್ಡೆ ನೋಡಿ. ಅದು ಈರುಳ್ಳಿಯ ಥರ, ಮೇಲೆ ಕಂದು ಬಣ್ಣದ ಒಣ ಸಿಪ್ಪೆ, ಒಳಗೆ ಸುತ್ತು ಸುತ್ತು ಪದರ. ಸಿಪ್ಪೆ ಇರುವ ಗೆಡ್ಡೆ ಒಣಗಿ ಬಿದ್ದಿದ್ದರೂ ತಡೆದುಕೊಳ್ಳುತ್ತದೆ. ಸಿಪ್ಪೆ ಇಲ್ಲದ್ದು ಒಣಗಿದರೆ ಸುಕ್ಕಾಗುತ್ತದೆ, ನೀರು ಜಾಸ್ತಿ ಆದರೆ ಕೊಳೆಯುತ್ತದೆ.

ಅಮ್ಮ ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿಲ್ಲ. ಅವರ ಗಿಡಕ್ಕೆ ಅದೇ ಸರಿ. ಹಿಪ್ಪಿಯಾಸ್ಟ್ರಮ್ ಗೆಡ್ಡೆಯ ಕುತ್ತಿಗೆ, ಅಂದರೆ ಮೇಲಿನ ಮೂರನೇ ಒಂದು ಭಾಗ, ಮಣ್ಣಿನ ಹೊರಗಿರಬೇಕು. ಹೂವು ಬರುವ ದಂಟು ಟೊಳ್ಳು, ಅದರ ಮೇಲೆ ಒಂದೂ ಎಲೆ ಇಲ್ಲ. ಎಲೆಗಳು ಪ್ರತ್ಯೇಕವಾಗಿ ಗೆಡ್ಡೆಯಿಂದಲೇ ಹೊರಡುತ್ತವೆ. ಹಾಗಾಗಿ ಬಾಡಿದ ದಂಟನ್ನು ಬುಡಕ್ಕೆ ಕತ್ತರಿಸಿದರೆ ಗಿಡಕ್ಕೆ ಯಾವ ನಷ್ಟವೂ ಇಲ್ಲ.

ಲಿಲಿಯಮ್ ಹಾಗಲ್ಲ. ಅದಕ್ಕೆ ಒಂದೇ ಕಾಂಡ. ಕೆಳಗಿನಿಂದ ಮೇಲಿನವರೆಗೆ ಎಲೆ, ತುದಿಯಲ್ಲಿ ಹೂ. ಆ ಕಾಂಡವನ್ನು ಬುಡಕ್ಕೆ ಕತ್ತರಿಸಿದಿರಿ ಅಂದರೆ ಗಿಡದ ಎಲೆಯನ್ನೆಲ್ಲ ಒಂದೇ ಏಟಿಗೆ ತೆಗೆದ ಹಾಗಾಯಿತು. ಮರುವರ್ಷದ ಹೂವಿಗೆ ಬೇಕಾದ ಪಿಷ್ಟವನ್ನು ಗೆಡ್ಡೆಗೆ ತುಂಬುವುದು ಆ ಎಲೆಗಳೇ, ಅದೂ ಹೂ ಬಾಡಿದ ನಂತರದ ಎರಡು ಮೂರು ತಿಂಗಳಲ್ಲಿ. ನಿಮ್ಮ ಗೆಡ್ಡೆಗಳು ಆ ವರ್ಷ ಉಪವಾಸ ಬಿದ್ದವು. ಬಾಡಿದ ಹೂವನ್ನಷ್ಟೇ ಚಿವುಟಿ, ಕಾಂಡ ತಾನಾಗಿ ಹಳದಿಯಾಗುವವರೆಗೆ ಬಿಡಬೇಕಿತ್ತು.

ನೆಟ್ಟ ಆಳವೂ ಹಾಗೆಯೇ. ಲಿಲಿಯಮ್‌ಗೆ ಎರಡು ಕಡೆ ಬೇರು ಬರುತ್ತದೆ. ಗೆಡ್ಡೆಯ ತಳದಲ್ಲಿ ಒಂದು ಗೊಂಚಲು, ಗೆಡ್ಡೆಯ ಮೇಲ್ಗಡೆ ಮಣ್ಣೊಳಗಿರುವ ಕಾಂಡದ ಸುತ್ತ ಇನ್ನೊಂದು ಗೊಂಚಲು. ಗಿಡ ಎತ್ತರವಾಗಿ ಬೆಳೆಯುವಾಗ ನೀರು, ಗೊಬ್ಬರ ಎಳೆದು ಕೊಡುವುದರಲ್ಲಿ ಈ ಮೇಲಿನ ಬೇರಿನ ಪಾಲೇ ಜಾಸ್ತಿ. ಗೆಡ್ಡೆಯ ತಲೆಯೇ ಮಣ್ಣಿನ ಹೊರಗಿದ್ದರೆ ಆ ಬೇರು ಎಲ್ಲಿ ಇಳಿಯಬೇಕು? ಗೆಡ್ಡೆಯ ಮೇಲೆ 10ರಿಂದ 15 ಸೆಂಟಿಮೀಟರ್ ಮಣ್ಣು ಕೂರಬೇಕು. ಅಂದರೆ ಕುಂಡ ಕನಿಷ್ಠ ಒಂದು ಅಡಿ ಆಳ ಇರಬೇಕು. ನಾವು ತುಳಸಿಗೆ ಇಡುವ ಚಿಕ್ಕ ಕುಂಡ ಸಾಲದು.

ಹಾಗಾದರೆ ಮೊದಲ ವರ್ಷ ಆರಕ್ಕೆ ಆರೂ ಹೂ ಬಿಟ್ಟಿದ್ದು ಹೇಗೆ ಅಂತೀರಾ? ಅದು ನೀವೂ ನಾನೂ ಮಾಡಿದ್ದಲ್ಲ. ಇಲ್ಲಿ ಪ್ಯಾಕೆಟ್‌ನಲ್ಲಿ ಸಿಗುವ ಏಷ್ಯಾಟಿಕ್, ಓರಿಯೆಂಟಲ್ ಗೆಡ್ಡೆಗಳು ಹೆಚ್ಚಾಗಿ ಹಾಲೆಂಡ್ ಕಡೆಯವು. ಅಲ್ಲಿನ ಹೊಲದಲ್ಲಿ ಬೆಳೆದು ದಪ್ಪಗಾಗಿ, ಆಮೇಲೆ ವಾರಗಟ್ಟಲೆ ಶೀತಲ ಕೋಣೆಯಲ್ಲಿದ್ದು ಬರುತ್ತವೆ. ಪ್ಯಾಕೆಟ್ ಮೇಲೆ 12/14, 14/16 ಅಂತ ಬರೆದಿರುತ್ತದಲ್ಲ, ಅದು ಗೆಡ್ಡೆಯ ಸುತ್ತಳತೆ, ಸೆಂಟಿಮೀಟರ್ ಲೆಕ್ಕದಲ್ಲಿ. ದಪ್ಪ ಹೆಚ್ಚಿದಷ್ಟೂ ಮೊಗ್ಗು ಹೆಚ್ಚು. ಹೂವಿಗೆ ಬೇಕಾದ ಬುತ್ತಿಯನ್ನೂ ಚಳಿಯನ್ನೂ ಕಟ್ಟಿಕೊಂಡೇ ಬಂದ ಗೆಡ್ಡೆ ಅದು. ನೀವು ಮಣ್ಣು, ನೀರು ಕೊಟ್ಟಿರಿ, ಹೂ ಬಂತು. ದೀಪಾವಳಿ ಆದ ಮೇಲೆ ನೆಟ್ಟಿದ್ದು ಮಾತ್ರ ಒಳ್ಳೆಯ ಕೆಲಸ, ಅದರ ಶ್ರೇಯ ನಿಮಗೇ. ಹಗಲು 20ರಿಂದ 25 ಡಿಗ್ರಿ ಇರುವ ಕಾಲ ಇದಕ್ಕೆ ಹೇಳಿ ಮಾಡಿಸಿದ್ದು, ಬೆಂಗಳೂರಿನಲ್ಲಿ ಅದಕ್ಕೆ ಹತ್ತಿರದ ಹವೆ ಸಿಗುವುದು ಡಿಸೆಂಬರ್, ಜನವರಿಯಲ್ಲಿ.

ಎರಡನೇ ವರ್ಷಕ್ಕೆ ಗೆಡ್ಡೆಗೆ ಮತ್ತೆ ಚಳಿ ಬೇಕು. ನಮ್ಮೂರಿನ ಚಳಿ ಸಾಲದು. ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೋಗುವ ನಮಗೆ ಜನವರಿಯ 15 ಡಿಗ್ರಿ ಚಳಿ ಅನಿಸಬಹುದು, ಲಿಲಿಯಮ್ ಕೇಳುವುದು 5 ಡಿಗ್ರಿಯ ಆಸುಪಾಸು, ಅದೂ ಎರಡು ತಿಂಗಳು. ಇಲ್ಲಿ ಶಿವರಾತ್ರಿ ಬಂದರೆ ಚಳಿ ‘ಶಿವ ಶಿವ’ ಅಂತ ಹೊರಟೇ ಹೋಗುತ್ತದೆ. ಗೆಡ್ಡೆಗೆ ಯಾವುದು ಚಳಿಗಾಲ, ಯಾವುದು ಬೇಸಿಗೆ ಅಂತಲೇ ತಿಳಿಯದೆ, ಮನಸ್ಸು ಬಂದಾಗ ಒಂದು ಚಿಗುರು ಕಳಿಸಿ ಸುಮ್ಮನಾಗುತ್ತದೆ. ನೀವು ನೋಡುತ್ತಿರುವುದು ಅದನ್ನೇ. ನಮ್ಮ ದಕ್ಷಿಣದಲ್ಲೂ ಒಂದು ನಿಜವಾದ ಲಿಲ್ಲಿ ಇದೆ ಅಂದರೆ ನಂಬುತ್ತೀರಾ? ಬಿಳಿ ತುತ್ತೂರಿಯಂಥ ಹೂವಿನ ನೀಲಗಿರಿ ಲಿಲ್ಲಿ. ಅದು ಕೂಡ ಎತ್ತರದ ತಣ್ಣನೆಯ ಬೆಟ್ಟ ಬಿಟ್ಟು ನಮ್ಮ 920 ಮೀಟರಿಗೆ ಇಳಿದು ಬಂದಿಲ್ಲ.

ಚಳಿಯನ್ನು ನಾವೇ ಕೊಡಬಹುದು, ಫ್ರಿಜ್‌ನಲ್ಲಿ. ನಾನು ಐದಾರು ವರ್ಷ ಮಾಡಿದ್ದೇನೆ. ಕೆಲವು ವರ್ಷ ಚೆನ್ನಾಗಿ ಬಂತು, ಕೆಲವು ವರ್ಷ ಇಲ್ಲ. ಹೂ ಮುಗಿದ ಮೇಲೆ ಕಾಂಡ ಪೂರ್ತಿ ಹಳದಿಯಾಗುವುದು ಜೂನ್ ಹೊತ್ತಿಗೆ. ಆಗ ಗೆಡ್ಡೆ ಕಿತ್ತು, ಬೇರನ್ನು ಉಳಿಸಿಕೊಂಡು, ಮಣ್ಣು ಒದರಿ, ನೆರಳಲ್ಲಿಡಿ. ಒಣಗಿ ಸುಕ್ಕಾಗದ ಹಾಗೆ ಅರೆಹಸಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮುಚ್ಚಿರಬೇಕು. ಅರೆಹಸಿ ಅಂದರೆ ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ವರಮಹಾಲಕ್ಷ್ಮಿ ಹಬ್ಬದ ಆಸುಪಾಸಿನಲ್ಲಿ ಅದೇ ಕೋಕೋಪೀಟ್ ಸಮೇತ ತೂತು ಮಾಡಿದ ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರಿಜ್‌ನ ತರಕಾರಿ ಡಬ್ಬಿಗೆ ಸೇರಿಸಿ. ಫ್ರೀಜರ್ ಬೇಡ. ಸೇಬು, ಬಾಳೆಹಣ್ಣಿನ ಜೊತೆಯೂ ಬೇಡ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಳಕೆ ಹಾಳಾಗುತ್ತದೆ. ಕನಿಷ್ಠ ಎಂಟರಿಂದ ಹತ್ತು ವಾರ ಅಲ್ಲಿದ್ದು ದೀಪಾವಳಿ ಕಳೆದ ಮೇಲೆ ಕುಂಡಕ್ಕೆ ಬರಲಿ. ಕವರಿನ ಮೇಲೆ ದಪ್ಪಕ್ಷರದಲ್ಲಿ ‘ತಿನ್ನುವುದಲ್ಲ’ ಅಂತ ಬರೆಯಿರಿ. ನಮ್ಮ ಅತ್ತೆ ಒಂದು ಸಲ ಇದ್ಯಾವ ಹೊಸ ಬೆಳ್ಳುಳ್ಳಿ ಅಂತ ನಾಲ್ಕು ಎಸಳು ಬಿಡಿಸಿ ಒಗ್ಗರಣೆ ಸೌಟಿನ ಪಕ್ಕ ಇಟ್ಟುಬಿಟ್ಟಿದ್ದರು.

ಇಷ್ಟೆಲ್ಲ ಮಾಡಿದರೂ ಗೆಡ್ಡೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಹೋಗುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಎಲೆ ಬೇಗ ಬಾಡಲು ಶುರುವಾಗುವುದರಿಂದ ಅದು ತಿಂದು ಕೊಬ್ಬಲು ಸಮಯವೇ ಸಾಲದು. ನನ್ನ ಅಭಿಪ್ರಾಯ ಕೇಳಿದರೆ, ಬೆಂಗಳೂರಿನಲ್ಲಿ ಲಿಲಿಯಮ್ಮನ್ನು ಸೇವಂತಿಗೆ ಸಸಿ ತಂದ ಹಾಗೆ ತರಬೇಕು. ಒಂದು ಸೀಸನ್ ನೋಡಿ ಖುಷಿಪಟ್ಟರೆ ಆಯಿತು. ಬೆಕ್ಕಿಲ್ಲದ ಮನೆಯವರಿಗೆ ಹೇಳುತ್ತಿರುವ ಮಾತಿದು. ನಿಮ್ಮ ಮೂರು ಗಿಡಗಳನ್ನು ಈ ವಾರವೇ ಕುಂಡ ಸಮೇತ ಯಾರಿಗಾದರೂ ಕೊಟ್ಟುಬಿಡಿ, ಅವರ ಮನೆಯಲ್ಲೂ ಬೆಕ್ಕಿಲ್ಲ ಅಂತ ಖಾತ್ರಿ ಮಾಡಿಕೊಂಡು.

ಕೊಳೆತ ಮೂರರ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಅತಿ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಎಲೆ ಇಲ್ಲದ ಗೆಡ್ಡೆ ಆಗ ಮಣ್ಣೊಳಗೆ ನಿದ್ದೆಯಲ್ಲಿರುತ್ತದೆ, ನೀರು ಕುಡಿಯುವ ಬಾಯಿಯೇ ಇರುವುದಿಲ್ಲ. ತಾರಸಿಯ ಕುಂಡ ನೆನೆಯುತ್ತಲೇ ಇದ್ದರೆ ಕೊಳೆಯದೆ ಇನ್ನೇನು? ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ತೆಗೆಯಿರಿ. ಮಣ್ಣು ಕಲಸುವಾಗ ಮರಳಿನ ಬದಲು ಎಂ-ಸ್ಯಾಂಡ್ ಹಾಕಿದ್ದೀರಾ ಅಂತಲೂ ನನಗೆ ಅನುಮಾನ, ಈಗ ಸುಲಭವಾಗಿ ಸಿಗುವುದೇ ಅದು ಅಲ್ವಾ. ಅದರಲ್ಲಿರುವ ಕಲ್ಲಿನ ಹುಡಿ ಕೆಂಪು ಮಣ್ಣಿನ ಜೊತೆ ಸೇರಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಬಕೆಟ್‌ನಲ್ಲಿ ಎರಡು ಮೂರು ಸಲ ತೊಳೆದು, ಬಗ್ಗಡ ಚೆಲ್ಲಿ, ದಪ್ಪ ಕಾಳನ್ನು ಮಾತ್ರ ಬಳಸಿ.

ಈಗ ಅಮ್ಮನ ಕೆಂಪು ಲಿಲ್ಲಿಗೆ ಬರೋಣ. ನೀವು ಬೆಳೆಸಬೇಕಾದ್ದು ಅದನ್ನೇ ಅಂತ ನನಗನಿಸುತ್ತದೆ. ನಮ್ಮ ಮಳೆ, ಬಿಸಿಲಿನ ಲೆಕ್ಕ ಅದಕ್ಕೆ ಚೆನ್ನಾಗಿ ಒಗ್ಗಿದೆ. ಮಳೆಗಾಲದಲ್ಲಿ ಎಲೆ, ಚಳಿಯಲ್ಲಿ ವಿಶ್ರಾಂತಿ, ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೂ.

ಹಿಪ್ಪಿಯಾಸ್ಟ್ರಮ್ ಗೆಡ್ಡೆಯೊಳಗೆ ಒಂದು ಚಂದದ ಲೆಕ್ಕವಿದೆ. ಒಮ್ಮೆ ಕೊಳೆಯಲು ಶುರುವಾದ ಒಂದು ಗೆಡ್ಡೆಯನ್ನು ಈರುಳ್ಳಿ ಹೆಚ್ಚುವ ಹಾಗೆ ಉದ್ದಕ್ಕೆ ಸೀಳಿದ್ದೆ. ಪದರಗಳ ನಡುವೆ ಅಕ್ಕಿಕಾಳಿನಷ್ಟು ಚಿಕ್ಕ ಬಿಳಿ ಮೊಗ್ಗು, ಅದರ ಒಳಗಡೆ ಇನ್ನೂ ಚಿಕ್ಕದೊಂದು. ನಾಲ್ಕು ಎಲೆ, ಒಂದು ಹೂದಂಟು, ಮತ್ತೆ ನಾಲ್ಕು ಎಲೆ, ಮತ್ತೊಂದು ಹೂದಂಟು. ಅದರ ಸರದಿ ಹೀಗೆ. ನೀವು ಇವತ್ತು ನೋಡುವ ಹೂವಿನ ಮೊಗ್ಗು ಹೋದ ವರ್ಷದ ಎಲೆಗಳ ಕಾಲದಲ್ಲೇ ಒಳಗೆ ಮೂಡಿರುತ್ತದೆ. ಒಂದು ಮಳೆಗಾಲದಲ್ಲಿ ಎರಡೇ ಎಲೆ ಬಿಟ್ಟ ಗೆಡ್ಡೆ ಹೂ ಬಿಡಲಿಲ್ಲ ಅಂತ ಬೈದು ಪ್ರಯೋಜನವಿಲ್ಲ.

ಹಾಗಾಗಿ ಈ ಗಿಡದ ಆರೈಕೆ ಅಂದರೆ ಮಳೆಗಾಲದ ಆರೈಕೆ. ಹೂ ಇರುವಾಗ ಎಲ್ಲರೂ ನೀರು ಹಾಕುತ್ತಾರೆ, ಫೋಟೋ ತೆಗೆಯುತ್ತಾರೆ, ಮುಗಿದ ಮೇಲೆ ಕುಂಡ ನೀರಿನ ಟ್ಯಾಂಕಿನ ಹಿಂದಕ್ಕೆ ಹೋಗುತ್ತದೆ. ಮಾಡಬೇಕಾದ್ದು ಇದರ ಉಲ್ಟಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಕಡೆ ಇಡಿ. ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ, ಒಂದು ಚಮಚ ಬೇವಿನ ಹಿಂಡಿ ಕೊಡಿ. ಯೂರಿಯಾ ಬೇಡ. ಎಲೆ ಹಸಿರಾಗಿ ತೊನೆಯುತ್ತದೆ, ಹೂ ಬರುವುದಿಲ್ಲ. ಊರಲ್ಲಿ ಸೌದೆ ಒಲೆ ಇದ್ದರೆ ಸ್ವಲ್ಪ ಬೂದಿ ತಂದು ಹಾಕಿ, ಹೂವಿಗೆ ಬೇಕಾದ ಪೊಟ್ಯಾಷ್ ಅದರಲ್ಲೇ ಇದೆ. ಅಕ್ಟೋಬರ್ ಕೊನೆಗೆ ಗೊಬ್ಬರ ನಿಲ್ಲಿಸಿ, ನವೆಂಬರ್‌ನಲ್ಲಿ ನೀರು ಕಡಿಮೆ ಮಾಡುತ್ತಾ ಬಂದು, ಡಿಸೆಂಬರ್‌ನಲ್ಲಿ ಪೂರ್ತಿ ನಿಲ್ಲಿಸಿ. ಎಲೆ ಹಳದಿಯಾಗಿ ಬೀಳುತ್ತದೆ, ಹೆದರಬೇಡಿ. ಕುಂಡವನ್ನು ಮಳೆ ತಾಗದ ಕಡೆ ಇಟ್ಟು ಆರರಿಂದ ಎಂಟು ವಾರ ಮರೆತುಬಿಡಿ. ಜನವರಿ ಕೊನೆಗೆ ಒಂದು ಸಲ ಚೆನ್ನಾಗಿ ನೀರು ಹಾಕಿ. ಆಮೇಲೆ ಮೊಗ್ಗಿನ ಮೂತಿ ಕಾಣುವವರೆಗೆ ಕೈ ಬಿಗಿ ಹಿಡಿಯಿರಿ.

ಇದಕ್ಕೆ ಶತ್ರು ಅಂದರೆ ಒಂದು ಹುಳು. ಮಳೆ ಶುರುವಾದ ಮೇಲೆ ಎಲೆಯ ಅಡಿಭಾಗದಲ್ಲಿ ಪತಂಗ ಮೊಟ್ಟೆ ಇಡುತ್ತದೆ. ಅದರಿಂದ ಬರುವ ಹುಳುವಿನದು ಕಪ್ಪು ಮೈ, ಅದರ ಮೇಲೆ ಬಿಳಿ, ಹಳದಿ ಚುಕ್ಕೆ ಅಥವಾ ಪಟ್ಟೆ. ನೋಡಲು ಚೆನ್ನಾಗೇ ಇರುತ್ತದೆ. ಮೊದಲು ಎಲೆಯ ಒಂದು ಕಡೆ ಕಾಗದದಂಥ ಬಿಳಿ ಕಲೆ ಕಾಣುತ್ತದೆ, ಬೆಳಕಿಗೆ ಹಿಡಿದರೆ ಆ ಪೊರೆಯೊಳಗೆ ದಾರದ ತುಂಡಿನಂಥ ಮರಿಗಳು ಸಾಲಾಗಿರುತ್ತವೆ. ಆ ದಿನವೇ ಆ ಎಲೆಯ ತುಂಡು ಕತ್ತರಿಸಿ ಸೋಪಿನ ನೀರಿಗೆ ಹಾಕಿದರೆ ಮುಗಿಯಿತು. ಬಿಟ್ಟರೆ ಮೂರ್ನಾಲ್ಕು ರಾತ್ರಿಯಲ್ಲಿ ಎಲೆ ಖಾಲಿ, ಆಮೇಲೆ ಕುತ್ತಿಗೆಯಿಂದ ಗೆಡ್ಡೆಯೊಳಕ್ಕೇ ಕೊರೆದು ಇಳಿಯುತ್ತವೆ. ಒಂದು ಜುಲೈನಲ್ಲಿ ನಾನು ನಾಲ್ಕು ದಿನ ಊರಿಗೆ ಹೋಗಿ ಬಂದಾಗ ಹನ್ನೊಂದು ಕುಂಡಗಳಲ್ಲಿ ಎಲೆ ಇದ್ದದ್ದು ಎರಡರಲ್ಲಿ. ಅದಾದ ಮೇಲೆ ವಾರಕ್ಕೊಮ್ಮೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಹೊಡೆಯುತ್ತೇನೆ. ದೊಡ್ಡ ಹುಳುಗಳಿಗೆ ಬೇವು ನಾಟುವುದಿಲ್ಲ, ಅವನ್ನು ಕೈಯಿಂದಲೇ ಆರಿಸಬೇಕು. ರಾತ್ರಿ ಒಂಬತ್ತರ ನಂತರ ಟಾರ್ಚ್ ಹಿಡಿದು ಹೋದರೆ ಎಲ್ಲವೂ ಸಿಗುತ್ತವೆ.

ಎಲೆ ಅಥವಾ ಹೂದಂಟಿನ ಮೇಲೆ ಕುಂಕುಮ ಗೀಚಿದ ಹಾಗೆ ಕೆಂಪು ಗೆರೆ ಬಂದು ದಂಟು ಬಾಗಿದರೆ ಅದು ಶಿಲೀಂಧ್ರ ರೋಗ. ಆ ಭಾಗ ತೆಗೆದುಹಾಕಿ, ಮೇಲಿಂದ ನೀರು ಹಾಕುವುದನ್ನು ಬಿಟ್ಟು ಬುಡಕ್ಕೆ ಹಾಕಿ. ಹಬ್ಬುತ್ತಿದ್ದರೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬೆರೆಸಿ ಸಿಂಪಡಿಸಿ.

ತಾರಸಿಯಲ್ಲಿ ಇನ್ನೂ ಜಾಗವಿದ್ದರೆ ಮಳೆ ಲಿಲ್ಲಿ ತನ್ನಿ. ಬಿಳಿ, ಗುಲಾಬಿ, ಹಳದಿ ಮೂರೂ ಸಿಗುತ್ತವೆ, ಅಗಲವಾದ ತಟ್ಟೆಯಂಥ ಕುಂಡದಲ್ಲಿ ಒತ್ತೊತ್ತಾಗಿ ನೆಟ್ಟರೆ ಚೆನ್ನ. ಮೊದಲ ಗುಡುಗು ಮಳೆ ಬಿದ್ದು ನಾಲ್ಕೈದು ದಿನಕ್ಕೆ ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಫುಟ್‌ಬಾಲ್ ಲಿಲ್ಲಿಯೂ ಸುಲಭ. ವರ್ಷಕ್ಕೆ ಒಂದೇ ಕೆಂಪು ಚೆಂಡು, ಏಪ್ರಿಲ್, ಮೇ ಸುಮಾರಿಗೆ. ಅದಕ್ಕೆ ಅರೆನೆರಳು ಇಷ್ಟ, ಪದೇ ಪದೇ ಕಿತ್ತು ನೆಡುವುದು ಇಷ್ಟವಿಲ್ಲ. ಗೌರಿ ಹಬ್ಬದ ಕಾಲಕ್ಕೆ ಬೇಲಿ ಮೇಲೆ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆಯನ್ನು ಮಾತ್ರ ಬೆಕ್ಕು, ಮಕ್ಕಳು ಓಡಾಡುವ ಮನೆಗೆ ತರಬೇಡಿ. ಅದರ ಗೆಡ್ಡೆಯಲ್ಲಿರುವ ಕೊಲ್ಚಿಸಿನ್ ಮನುಷ್ಯರನ್ನೂ ಕೊಲ್ಲುವಂಥ ವಿಷ. ಮಳೆ ಲಿಲ್ಲಿ, ಫುಟ್‌ಬಾಲ್ ಲಿಲ್ಲಿಯ ಗೆಡ್ಡೆಗಳೂ ತಿನ್ನುವಂಥವಲ್ಲ. ತಾರಸಿಯ ಬಾಗಿಲು ಹಾಕಿಟ್ಟರೆ ಮರಿಗೂ ಒಳ್ಳೆಯದು, ಕುಂಡಗಳಿಗೂ ಒಳ್ಳೆಯದು. ಬೆಕ್ಕಿಗೆ ಮೆತ್ತಗಿನ ಮಣ್ಣು ಕಂಡರೆ ಏನು ನೆನಪಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮನಿಗೆ ಫೋನ್ ಮಾಡಿ ಕುಂಡದಲ್ಲಿ ಎಷ್ಟು ಮರಿಗೆಡ್ಡೆ ಆಗಿದೆ ಕೇಳಿ. ಅಷ್ಟು ವರ್ಷದ ಕುಂಡ ಅಂದರೆ ಹತ್ತಕ್ಕೆ ಕಡಿಮೆ ಇರಲಾರದು. ಈಗ ಹೂ ಇರುವಾಗ ಕೀಳುವುದು ಬೇಡ. ಡಿಸೆಂಬರ್‌ನಲ್ಲಿ ಎಲೆ ಬಿದ್ದ ಮೇಲೆ ಹೋಗಿ, ತಾಯಿಗೆಡ್ಡೆಗೆ ಅಂಟಿಕೊಂಡವನ್ನು ಬೇರು ಸಮೇತ ಬಿಡಿಸಿ ತನ್ನಿ. ಹೆಬ್ಬೆರಳಿನಷ್ಟಿರುವ ಮರಿ ಹೂ ಬಿಡಲು ಎರಡು ಮೂರು ವರ್ಷ ಬೇಕು. ಮುಷ್ಟಿ ಗಾತ್ರದ ಒಂದೆರಡನ್ನೂ ಕೊಡಮ್ಮಾ ಅಂತ ಕೇಳಿ ನೋಡಿ, ಅವು ಅದೇ ಮಾರ್ಚ್‌ಗೆ ಅರಳುತ್ತವೆ. ನೆಡುವಾಗ ಅವರು ಹೇಳಿಕೊಟ್ಟ ಹಾಗೆಯೇ, ತಲೆ ಮಣ್ಣಿನ ಮೇಲೆ ಕಾಣಬೇಕು.